ಜುಟ್ಟುಗಳ ಲೆಕ್ಕ

ನಮ್ಮ ಲಿಫ್ಟಿಗೆ ಕಾಸು ಹಾಕಬೇಕು.
ತಿಬಿಲಿಸಿಯ ಈ ಹಳೇ ಕಟ್ಟಡ
ಬಿಟ್ಟಿ ಯಾರನ್ನೂ ಮೇಲೆತ್ತುವುದಿಲ್ಲ.
ಶನಿವಾರ ಬೆಳಿಗ್ಗೆ ನಾಲ್ಕು ಸಲ ಹಾಕಿದೆ:
ಹಿಟ್ಟಿನ ಚೀಲಕ್ಕೊಂದು, ಈರುಳ್ಳಿಗೊಂದು,
ಮಾಂಸದ ಪೊಟ್ಟಣಕ್ಕೊಂದು,
ಮರೆತು ಬಂದ ಕೊತ್ತಂಬರಿಗೊಂದು.
ಕೊತ್ತಂಬರಿ ತಂದಾದ ಮೇಲೆ ನೆನಪಾಯಿತು ಮೆಣಸು.
ಎಂಟು ಮಹಡಿ ಇಳಿದೆ. ಹತ್ತಿದೆ. ಹಟ.

ಹತ್ತು ಗಂಟೆಗೆ ಲಮಾರಾ ಬಂದಳು,
ಲಟ್ಟಣಿಗೆಯನ್ನು ಕಂಕುಳಲ್ಲಿ ಕೂಸಿನಂತೆ ಹಿಡಿದು.
ಆಮೇಲೆ ಝಾವುರ್, ಮಾವನ ತೋಟದ ದ್ರಾಕ್ಷಾರಸ
ನೀರಿನ ಕ್ಯಾನಿನಲ್ಲಿ ತುಂಬಿಕೊಂಡು.
ಆಮೇಲೆ ನಾಜಿಬ್ರೋಲಾ, ಬರಿಗೈಯಲ್ಲಿ.
"ದೋದೋ ಬರ್ತಾಳಾ?" ಬಾಗಿಲಲ್ಲೇ ಕೇಳಿದಳು.
ಬರ್ತಾಳೆ ಅಂದೆ.
ಕೋಟು ಬಿಚ್ಚದೆಯೇ ಈರುಳ್ಳಿ ಹೆಚ್ಚಲು ಕೂತಳು.

ಹನ್ನೊಂದು ತಿಂಗಳು, ಒಂದು ಪಾತ್ರೆಗಾಗಿ.
ನಲವತ್ತು ಖಿಂಕಾಲಿ ಒಟ್ಟಿಗೆ ಬೇಯುವಂಥ
ದಪ್ಪ ತಳದ ಹಂಡೆ, ನಾಜಿಬ್ರೋಲಾಳ ಅಮ್ಮನದು.
ದೋದೋ ಒಯ್ದಳು, ಮಗಳ ಮದುವೆಗೆ.
ಕೊಟ್ಟೆ ಅನ್ನುತ್ತಾಳೆ ಅವಳು. ಬಂದಿಲ್ಲ ಅನ್ನುತ್ತಾಳೆ ಇವಳು.
ನಡುವೆ ನಾವು,
ಇಬ್ಬರ ದೂರನ್ನೂ ಉಪ್ಪಿನಕಾಯಿಯ ಹಾಗೆ
ಚೂರು ಚೂರೇ ನಂಜಿಕೊಂಡು.

ಮಾಂಸಕ್ಕೆ ನೀರು ಕುಡಿಸಬೇಕು.
ಸಾಕು ಅನಿಸಿದ ಮೇಲೂ ಇನ್ನೊಂದು ಲೋಟ.
ಬೆಂದಾಗ ಆ ನೀರೇ ಒಳಗೆ ಸಾರಾಗುವುದು.
ಲಮಾರಾ ಮೂವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿದ್ದವಳು;
ಅವಳ ಬೆರಳುಗಳು ಹಿಟ್ಟಿನ ಅಂಚು ಹಿಡಿದು
ಹತ್ತೊಂಬತ್ತು ನಿರಿಗೆ ಎತ್ತಿ, ಸೇರಿಸಿ, ತಿರುಚಿ
ಮೇಲೊಂದು ಜುಟ್ಟು ಕಟ್ಟುತ್ತವೆ.
ನನ್ನದಕ್ಕೆ ಹನ್ನೊಂದೇ ನಿರಿಗೆ.
ಝಾವುರನದು ನಿರಿಗೆಯಲ್ಲ,
ಗಾಯಕ್ಕೆ ಹಾಕಿದ ಹೊಲಿಗೆ.

ಮೂರು ಗಂಟೆಗೆ ಲಿಫ್ಟು ಕಿರುಗುಟ್ಟಿತು.
ಮೊದಲು ಹೊರಬಂದದ್ದು ಹಂಡೆ,
ಅದರ ಹಿಂದೆ ದೋದೋಳ ಕೆಂಪಾದ ಮುಖ.
ಮಾತಿಲ್ಲ. ಒಲೆಯ ಮೇಲಿಟ್ಟಳು.
ನಾಜಿಬ್ರೋಲಾ ಮುಚ್ಚಳ ಎತ್ತಿ ನೋಡಿದಳು:
ತಳದ ತುಂಬ ಈ ವರ್ಷದ ಅಕ್ರೋಟು.
ಇಸಿದುಕೊಂಡ ಪಾತ್ರೆ ಬರಿದೇ ಮರಳಿಸಬಾರದು,
ಅಷ್ಟು ಇಬ್ಬರ ಅಮ್ಮಂದಿರೂ ಕಲಿಸಿದ್ದರು.
ಇಷ್ಟು ದಿನ ಎಲ್ಲಿತ್ತು, ಯಾರೂ ಕೇಳಲಿಲ್ಲ.
"ಇವನ್ನ ಒಡೆಯೋಕೆ ಸುತ್ತಿಗೆ ಇದೆಯಾ?"
ನಾಜಿಬ್ರೋಲಾ ನನ್ನನ್ನು ಕೇಳಿದಳು,
ಸ್ವಲ್ಪ ಹೆಚ್ಚೇ ಜೋರಾಗಿ.
ಕೋಟು ಬಿಚ್ಚಿ ಬಾಗಿಲ ಹಿಂದೆ ನೇತುಹಾಕಿದಳು.

ತಿನ್ನುವುದಕ್ಕೂ ಶಾಸ್ತ್ರ ಉಂಟು.
ಜುಟ್ಟು ಹಿಡಿ, ತಲೆಕೆಳಗು ಮಾಡು, ಸಣ್ಣಗೆ ಕಚ್ಚು,
ಮೊದಲು ಸಾರು ಹೀರು, ಆಮೇಲೆ ಮಿಕ್ಕದ್ದು.
ಮುಳ್ಳುಚಮಚ ಮುಟ್ಟಿದವನಿಗೆ ಮುಂದಿನ ಸಲ ಕರೆಯಿಲ್ಲ.
ಜುಟ್ಟು ತಿನ್ನುವಂತಿಲ್ಲ. ತಟ್ಟೆಯಂಚಿಗೆ ಬಿಡಬೇಕು,
ಹೊಟ್ಟೆ ಸುಳ್ಳು ಹೇಳಿದರೆ ಅದು ಸಾಕ್ಷಿ.

ಝಾವುರ್ ಲೋಟ ಎತ್ತಿ ನಿಂತ.
ಶಾಂತಿಗೆ ಕುಡಿದೆವು. ಮಕ್ಕಳಿಗೆ ಕುಡಿದೆವು.
ತೀರಿಹೋದವರಿಗೆ, ರೊಟ್ಟಿ ಚೂರಿನ ಮೇಲೆ
ಎರಡು ಹನಿ ಸುರಿದು.
ಆಗ ದೋದೋ ಎದ್ದಳು:
"ಹಂಡೆಯ ಯಜಮಾನಿಗೆ."
ಕೈ ನಡುಗಿ ಮೇಜಿನ ಬಟ್ಟೆ ಕೆಂಪಾಯಿತು.
ಉಪ್ಪು ತಂದು ಕಲೆಯ ಮೇಲೆ ಸುರಿದವಳು ನಾಜಿಬ್ರೋಲಾ.
ಬಹಳ ಹೊತ್ತು ಸುರಿದಳು.

ರಾತ್ರಿ ಎಣಿಸಿದೆವು.
ಝಾವುರನ ತಟ್ಟೆಯಲ್ಲಿ ಹದಿನೇಳು ಜುಟ್ಟು, ಹೆಮ್ಮೆ.
ಲಮಾರಾಗೆ ಹನ್ನೆರಡು. ನನಗೆ ಒಂಬತ್ತು.
ಅವರಿಬ್ಬರದು ಒಂದೇ ತಟ್ಟೆ,
ಯಾವ ಹೊತ್ತಿಗೆ ಹಾಗಾಯಿತೋ,
ಯಾರದೆಷ್ಟು ಎಂದು ಲೆಕ್ಕ ಹತ್ತಲಿಲ್ಲ.

ಭಾನುವಾರ ಮಿಕ್ಕದ್ದನ್ನು ಬೆಣ್ಣೆಯಲ್ಲಿ ಕರಿದೆವು.
ತಲೆನೋವಿಗೆ ಅದೇ ಮದ್ದು ಅಂತ ಝಾವುರ್,
ತಲೆನೋವಿಗೆ ಕಾರಣನಾದವನು.
ಹೊರಡುವಾಗ ದೋದೋ ಮೆಲ್ಲಗೆ ಶುರು ಮಾಡಿದಳು,
ಮೊಮ್ಮಗನ ನಾಮಕರಣ, ಮುಂದಿನ ತಿಂಗಳು, ಒಂದೇ ವಾರಕ್ಕೆ ಈ ಹಂಡೆ...

ಇಳಿಯುವುದಕ್ಕೆ ಲಿಫ್ಟು ಕಾಸು ಕೇಳುವುದಿಲ್ಲ.
ಆದರೂ ಮೆಟ್ಟಿಲಲ್ಲೇ ಹೋದರು,
ಹಂಡೆಯ ಒಂದೊಂದು ಕಿವಿ ಒಬ್ಬೊಬ್ಬಳು ಹಿಡಿದು,
ಎಂಟೂ ಮಹಡಿಗೆ ಕೇಳುವಂತೆ
ಜಗಳವಾಡುತ್ತ.