ನಲವತ್ತು ಸಾಲು ಮೀರಬಾರದು

ಗುರುವಾರ ನಮ್ಮ ಗ್ರಂಥಾಲಯ ಏಳರ ತನಕ.
ಆರೂವರೆಗೆ ಬರುತ್ತಾಳೆ ಇಶ್ಬೆಲ್ ಗೆಡ್ಡಿಸ್,
ಅವಳಿಗಿಂತ ಮೊದಲು ಅವಳ ವಾಸನೆ:
ಓಕ್ ಕಟ್ಟಿಗೆಯ ಹೊಗೆ, ಉಪ್ಪು, ಹ್ಯಾಡಕ್ ಮೀನು.
ಮಕ್ಕಳ ಪುಸ್ತಕದ ಮೂಲೆಯಲ್ಲಿ ಯಾರೋ ತಾಯಿ
ಮೂಗು ಹಿಡಿದು, ನಾನು ನೋಡಿದ್ದು ನೋಡಿ, ಬಿಡುತ್ತಾಳೆ.
ಹೊರಗಿನವಳು.
ಆರ್ಬ್ರೋತ್‌ನಲ್ಲಿ ಹುಟ್ಟಿದವರು ಈ ಹೊಗೆಗೆ ಮೂಗು ಹಿಡಿಯುವುದಿಲ್ಲ.

"ಪುಕ್ಕಟೆಯದು ಏನಾದರೂ ಬಂದಿದೆಯಾ?"
ಪುಕ್ಕಟೆಯದು ಎಂದರೆ ಕವಿತೆ ಸ್ಪರ್ಧೆ.
ಹುಡುಕಿಕೊಡುವ ಕೆಲಸ ನಾನೇ ತಲೆಗೆ ಕಟ್ಟಿಕೊಂಡದ್ದು.
ಅದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗಲ್ಲ,
ಕಲ್ಲಿನಲ್ಲಿ ಅಕ್ಕಿ.

ಮೊದಲ ಬಹುಮಾನ ಸಾವಿರ ಪೌಂಡು, ದಪ್ಪಕ್ಷರ;
ಕೆಳಗೆ ಇರುವೆ ಸಾಲಿನಂತೆ,
ಕವಿತೆಯೊಂದಕ್ಕೆ ಏಳು ಪೌಂಡು ಶುಲ್ಕ.
ಏಳು ಪೌಂಡಿಗೆ ಅವಳು
ನಲವತ್ತು ಜೋಡಿ ಮೀನಿನ ಬಾಲಕ್ಕೆ ದಾರ ಬಿಗಿಯಬೇಕು.
ಇನ್ನೊಂದಕ್ಕೆ ಶುಲ್ಕವೇ ಇಲ್ಲ, ಆದರೆ ಗೆದ್ದವರ ಸಂಕಲನವನ್ನು
ಗೆದ್ದವರೇ ಕೊಳ್ಳಬೇಕು,
ಮತ್ತು ಅಲ್ಲಿ ಎಲ್ಲರೂ ಗೆಲ್ಲುತ್ತಾರೆ.
ಮಗದೊಂದು ಇಪ್ಪತ್ತೈದು ದಾಟದವರಿಗೆ.
ಇಶ್ಬೆಲ್‌ಗೆ ಐವತ್ತೆಂಟು.
"ಎರಡು ಸಲ ದಾಟಿದ್ದೀನಿ, ಅರ್ಜಿಯೂ ಎರಡು ಹಾಕಬಹುದಾ?"

ಕೊನೆಗೊಂದು ಸಿಕ್ಕಿತು.
ಉತ್ತರದ ದ್ವೀಪವೊಂದರ ದೀಪಸ್ತಂಭದ ಟ್ರಸ್ಟು.
ಶುಲ್ಕವಿಲ್ಲ. ಅಂಚೆಯಲ್ಲೇ ಕಳಿಸಬೇಕು.
ನಲವತ್ತು ಸಾಲು ಮೀರಬಾರದು.
ಬರೆದವರ ಹೆಸರು, ಊರು, ಗುರುತು
ಹಾಳೆಯ ಮೇಲೆಲ್ಲೂ ಇರಕೂಡದು.

ಅವಳದು ನಲವತ್ತಮೂರು ಸಾಲು,
ಬಿಚ್ಚಿದ ಮೀನಿನ ರಟ್ಟಿನ ಡಬ್ಬದ ಒಳಮೈ ಮೇಲೆ, ಪೆನ್ಸಿಲಿನಲ್ಲಿ.
ಎರಡೆರಡು ಸಾಲು, ಬಾಲಕ್ಕೆ ಬಾಲ ಬಿಗಿದದ್ದು.
ಅಂತ್ಯಪ್ರಾಸ ಎಂದು ಇದಕ್ಕಿಂತ ಚೆನ್ನಾಗಿ
ನನಗೆ ಯಾವ ಮೇಷ್ಟ್ರೂ ತೋರಿಸಿರಲಿಲ್ಲ.
"ಒಂಟಿ ಮೀನು ಕೋಲಿನ ಮೇಲೆ ನಿಲ್ಲಲ್ಲ," ಅಂದಳು,
"ಜಾರಿ ಬೆಂಕಿಗೆ ಬೀಳುತ್ತೆ."
ಕೊನೆಯ ಸಾಲು ಮಾತ್ರ ಒಂಟಿಯಾಗಿತ್ತು.
ಅದರಲ್ಲಿ ಅವಳ ತಂಗಿ ಎಫಿ ಇದ್ದಳು,
ಎದುರು ಮಣೆಯಲ್ಲಿ ಕೂತು ದಾರದ ಇನ್ನೊಂದು ತುದಿ ಹಿಡಿಯುತ್ತಿದ್ದವಳು.

ಮೂರು ಸಾಲು ತೆಗೆಯಬೇಕು.
ಗಾಳಿಯ ಜೋಡಿಯೊಂದನ್ನು ತಟ್ಟನೆ ಹೊಡೆದು ಹಾಕಿದಳು.
ಆಮೇಲೆ ಪೆನ್ಸಿಲು ಕಚ್ಚುತ್ತ ಹತ್ತು ನಿಮಿಷ.
ನಾನು ಒಂದು ಕಡೆಯ ದೀಪ ಆರಿಸಿ ಬಂದೆ.
ಎಫಿಯ ಸಾಲಿಗೆ ಕೈ ಹಚ್ಚಲಿಲ್ಲ.
ಅದರ ಮೇಲಿದ್ದ ಜೋಡಿಯಲ್ಲಿ ಒಂದನ್ನು ಕತ್ತರಿಸಿದಳು.
ಉಳಿದದ್ದು, ಇದು: ಎರಡು ಒಂಟಿ.
"ಪ್ರಾಸ ಕೂಡಲಿಲ್ಲ," ಅಂದೆ.
"ನಾವೂ ಕೂಡುತ್ತಿರಲಿಲ್ಲ," ಅಂದಳು.

ಬೆರಳಚ್ಚಿಸಿ, ಮುದ್ರಿಸಿ ಕೊಟ್ಟೆ. ಬಿಳಿ ಹಾಳೆ,
ಯಂತ್ರದ ಬಿಸಿ ಇನ್ನೂ ಆರಿಲ್ಲ.
ಅವಳು ಓದಲಿಲ್ಲ, ಮೂಸಿದಳು.
"ಯಾರದ್ದು ಇದು?"
ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಹೊರಟಳು.

ಶನಿವಾರ ಲಕೋಟೆ ತಂದಳು.
ಹಸಿ ಗೋಣಿಚೀಲದ ಕೆಳಗೆ
ಒಂದು ರಾತ್ರಿ ಇಟ್ಟಿದ್ದಾಳೆ, ಸುಳ್ಳಿಲ್ಲ,
ಹಾಳೆಯ ಅಂಚು ಜೇನಿನ ಬಣ್ಣಕ್ಕೆ ತಿರುಗಿತ್ತು.
ಗುರುತು ಇರಕೂಡದು ಎಂಬ ನಿಯಮ ನನಗೆ ಬಾಯಿಪಾಠ.
ಒಂದು ದಿನ ತಡವಾದ ಪುಸ್ತಕಕ್ಕೂ
ಮುಲಾಜಿಲ್ಲದೆ ದಂಡ ಹಾಕಿದವಳು ನಾನು.
ಬಾಯಿ ತೆರೆದೆ.
ತೆರೆದ ಬಾಯಿಂದ ಅಂಚೆಚೀಟಿ ನೆಕ್ಕಿ ಅಂಟಿಸಿದೆ.

ಚೀಟಿಯ ಕಾಸು ಅವಳೇ ಎಣಿಸಿದಳು,
ಒಂದು ನಾಣ್ಯಕ್ಕೆ ಮೀನಿನ ಹುರುಪೆ ಅಂಟಿತ್ತು.
"ತೀರ್ಪುಗಾರರು ಊಟಕ್ಕೆ ಮುಂಚೆ ಓದುತ್ತಾರೋ, ಆಮೇಲೋ?"
ಗೊತ್ತಿಲ್ಲ ಅಂದೆ.
"ಮುಂಚೆಯಾದರೆ ಒಳ್ಳೇದು."

ಮಾರ್ಚ್ ಮುಗಿಯಿತು. ಆ ದ್ವೀಪದಿಂದ ಕಾಗದವಿಲ್ಲ.
ನನ್ನ ಮೇಜಿನ ಖಾನೆ ಎಳೆದಾಗಲೆಲ್ಲ
ಇನ್ನೂ ಸಣ್ಣಗೆ ಹಸಿವಾಗುತ್ತದೆ.
ಇವತ್ತು ಗುರುವಾರ, ಗಂಟೆ ಆರೂ ಇಪ್ಪತ್ತು.
ಒಂದು ಸಿಕ್ಕಿದೆ: ಶುಲ್ಕವಿಲ್ಲ,
ಸಾಲುಗಳ ಮಿತಿಯೂ ಇಲ್ಲ.
ಆ ಮೂರು ಸಾಲು ಅವಳ ಬಳಿ ಉಳಿದಿವೆಯೋ ಏನೋ,
ಕೇಳಬೇಕು.