ಬಾಕಿ ಒಂದು

ಹೊಸಂಗಡಿಯ ರೈಲು ಗೇಟು ಬಿದ್ದಿದೆ.
ಟೈಲರ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಕೂತು
ಪರದೆಯ ಮೇಲಿನ ಒಂದು ಅಂಕೆ ನೋಡುತ್ತಿದ್ದೇನೆ:
ಬಾಕಿ ಒಂದು.

ಸೊಸೈಟಿಯ ಹಳೇ ಲೆಡ್ಜರುಗಳ ಚಿತ್ರಗಳು,
ಎಂಟು ಸಾವಿರದ ಚಿಲ್ಲರೆ ಫೈಲು.
ಒಂದನ್ನು ತೆರೆದು, ಓದಿ, ಮುಚ್ಚಿ, ಇನ್ನೊಂದಕ್ಕೆ ಹೋಗುತ್ತ ಕೂತರೆ
ಡಿಸ್ಕು ತಿರುಗುವಷ್ಟು ಹೊತ್ತೂ ಪ್ರೋಗ್ರಾಮು
ಸಾಲ ಕೊಟ್ಟವನ ಹಾಗೆ ಬಾಗಿಲಲ್ಲೇ ನಿಂತಿರುತ್ತದೆ.
ಅದಕ್ಕೇ ಈ ಲೈಬ್ರರಿ ಬರೆಯುತ್ತಿದ್ದೇನೆ.
ಕೇಳಿಬಿಡು, ಕಾಯಬೇಡ,
ಮುಗಿದಾಗ ಅದೇ ಕರೆಯುತ್ತದೆ.

ಈ ಉಪಾಯ ನನಗೆ ಬೀಡಿ ಬ್ರಾಂಚಿನಿಂದ ಬಂದದ್ದು.
ಅಪ್ಪ ಅಲ್ಲಿ ರೈಟರು, ಕೊರಗಪ್ಪ ಬೆಳ್ಚಪ್ಪಾಡ,
ಕಿವಿಯ ಮೇಲೊಂದು ಕೆಂಪು ಪೆನ್ಸಿಲು.
ಎಲೆ ತೂಗಿ, ಹೊಗೆಸೊಪ್ಪು ತೂಗಿ, ನೂಲಿನ ಉಂಡೆ ಇಟ್ಟು
ಪಾಸ್‌ಪುಸ್ತಕದಲ್ಲಿ ಒಂದು ಗೆರೆ ಬರೆದರೆ ಆಯಿತು,
ಮುಂದಿನವಳು ಬಾ.
ಯಾರ ಜಗಲಿಗೂ ಹೋಗಿ ಕೂತದ್ದಿಲ್ಲ,
ಎಲೆ ನೆನೆಯಿತೇ ಕತ್ತರಿ ಆಡಿತೇ ಎಂದು ಇಣುಕಿದ್ದಿಲ್ಲ.
ಮೊದಲು ಎಲೆ ಒಯ್ದವಳು ಸುಗುಣಕ್ಕ,
ಮೊದಲು ಬೀಡಿ ತಂದವಳು ಮೊಂತಿನ್‌ಬಾಯಿ.
ಹೋದ ಕ್ರಮ ಬೇರೆ, ಬಂದ ಕ್ರಮ ಬೇರೆ.
ಗೆರೆಗೆ ಗೆರೆ ಸಿಕ್ಕರೆ ಅಪ್ಪನಿಗೆ ಸಾಕು.

ಒಂದು ಕೇರಿಗೆ ಒಂದು ಹಾಳೆ, ಹಾಳೆಗೆ ಮೂವತ್ತು ಮನೆ.
ಮೂವತ್ತೂ ಬಂದ ಮೇಲೆಯೇ ಅಡಿಯಲ್ಲಿ ಮೊತ್ತ, ಸಹಿ.
ನಾನು ಅದನ್ನೇ ಗುಂಪು ಎಂದು ಕರೆದಿದ್ದೇನೆ.
ಒಳಗೆ ಒಂದೇ ಕೋರಿಕೆ ಉಳಿದರೂ ಗುಂಪು ಮುಗಿಯದು.
ಮುಗಿಯುವ ಮುಂಚೆ ಹೊಸಬಳನ್ನು ಸೇರಿಸಬಹುದು,
ಸಹಿ ಬಿದ್ದ ಮೇಲೆ ಇಲ್ಲ.
ಎಲೆ ಕಡಿಮೆಯಾದ ತಿಂಗಳಲ್ಲಿ ಅಪ್ಪ
ನಾಲ್ಕೇ ಮನೆಗೆ ಕೊಟ್ಟು, ಒಂದು ಬಂದರೆ ಇನ್ನೊಂದು ಬಿಡುತ್ತಿದ್ದ.
ನಾನೂ ನಾಲ್ಕೇ ಇಟ್ಟಿದ್ದೇನೆ.
ಹದಿನಾರು ಕೊಟ್ಟು ನೋಡಿದೆ, ಡಿಸ್ಕು ಕೆಮ್ಮಿತು.

ರದ್ದು ಮಾಡುವುದೊಂದು ಮಾತ್ರ
ಬಹಳ ದಿನ ತಲೆಗೆ ಹತ್ತಲಿಲ್ಲ.

ರದ್ದು ಎಂದರೆ ನಿಲ್ಲು ಎಂದಲ್ಲ.
ಆಗಲೇ ಓದಲು ಕೂತ ಕೈ ಓದುತ್ತಲೇ ಇರುತ್ತದೆ,
ಕೊನೆಯ ಬೈಟಿನವರೆಗೆ, ಒಂದಕ್ಷರ ಬಿಡದೆ.
ಮುಗಿಸಿಕೊಂಡು ಬಂದಾಗ
ಕರೆಯಬೇಕಾದವರು ಕರೆಯುವುದಿಲ್ಲ, ಅಷ್ಟೇ.

ಬೀಫಾತಿಮ, ಕುಂಜತ್ತೂರಿನವಳು.
ಹನ್ನೊಂದು ವಾರ ಸುಳಿವಿಲ್ಲ.
ಕಂಪೆನಿಯ ಚೆಕ್ಕರು ಬಂದು, ಹೊಡಿ ಅವಳ ಹೆಸರು, ಎಂದ.
ಅಪ್ಪ ಹೊಡೆದ. ಹಾಳೆ ಮುಗಿಯಿತು.
ಗೋಣಿ ಮಂಗಳೂರಿಗೆ ಹೋಯಿತು.

ಆಮೇಲೊಂದು ಮಧ್ಯಾಹ್ನ ಬಂದಳು.
ಗಂಡನನ್ನು ಮಲಗಿಸಿದ್ದ ಆಸ್ಪತ್ರೆಯ ವರಾಂಡದಲ್ಲಿ
ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕಟ್ಟಿದ್ದಂತೆ.
ಬಟ್ಟೆಗಂಟಿನಲ್ಲಿ ನಾಲ್ಕು ಸಾವಿರ ಬೀಡಿ,
ಒಂದರ ತಲೆಯೂ ಬಿಚ್ಚಿರಲಿಲ್ಲ.
ಅಪ್ಪ ಪುಸ್ತಕ ತಿರುವಿದ, ಮತ್ತೆ ತಿರುವಿದ.
ಅಷ್ಟು ಬೀಡಿಗೆ ಬರೆಯಲು ಒಂದು ಗೆರೆ ಇರಲಿಲ್ಲ.

ಅವರಿಬ್ಬರು ಏನು ಮಾತಾಡಿದರೋ.
ನಾನು ಖಾಲಿ ಗೋಣಿಗಳ ಮೇಲೆ ಕೂತು
ಮಗ್ಗಿ ಬರೆಯುತ್ತಿದ್ದೆ, ಹದಿಮೂರರದ್ದು.
ಗಂಟು ನಮ್ಮ ಮನೆಯ ಅಟ್ಟ ಸೇರಿತು,
ಯಾರೂ ಬೀಡಿ ಸೇದದ ಮನೆ.
ಆ ಜೂನಿನಲ್ಲಿ ನನಗೆ ಹೊಸ ಕೊಡೆ ಬರಲಿಲ್ಲ.

ಈವತ್ತು ಲೈಬ್ರರಿಗೆ ಮೂರು ಸಾಲು ಸೇರಿಸಿದೆ:
ರದ್ದಾದದ್ದು ಮುಗಿಸಿಕೊಂಡು ಬಂದರೆ
ಹೆಸರು ಬರೆದುಕೋ, ಬಫರನ್ನು ಎಸೆಯಬೇಡ,
ಯಾರಾದರೂ ಕೇಳುವವರೆಗೆ ಅಟ್ಟದಲ್ಲಿಡು.
ಸ್ವಲ್ಪ ಮೆಮೊರಿ ತಿನ್ನುತ್ತದೆ.
ಬೇಡದವರು ಆರಿಸಿಕೊಳ್ಳಲಿ ಎಂದು ಸ್ವಿಚ್ಚು ಇಟ್ಟಿದ್ದೇನೆ.

ನಾಲ್ಕು ಸಾವಿರದ ನೂರ ಹದಿನೇಳನೆಯ ಫೈಲು
ತಪ್ಪು ಎಂದೂ ಹೇಳುತ್ತಿಲ್ಲ, ಆಯಿತು ಎಂದೂ ಇಲ್ಲ.
ಗೇಟು ಎದ್ದಿತು. ಎರಡೂ ಕಡೆಯ ರಿಕ್ಷಾಗಳು ಒಟ್ಟಿಗೆ ನುಗ್ಗಿ
ಹಳಿಯ ಮೇಲೆ ಸಿಕ್ಕಿಹಾಕಿಕೊಂಡಿವೆ.
ನಾನು ಚಾಕ್ಕೆ ಕೆಳಗಿಳಿಯುತ್ತೇನೆ.
ಬಾಕಿ ಒಂದು.