ಹಾಜರಿಯಲ್ಲಿ ಸೋಡಿಯಂ

ಮೋಶಿಯಿಂದ ಇಲ್ಲಿಗೆ ವರ್ಗವಾದಾಗ ಟ್ರಂಕಿನಲ್ಲಿ ತಂದದ್ದು
ಒಂದು ಬ್ಯುರೆಟ್ಟು, ಅರ್ಧ ಬಾಟಲಿ ಆಮ್ಲ,
ಇಪ್ಪತ್ತೆರಡು ವರ್ಷ ಹಳೆಯ ನೋಟ್ಸು.
ನ್ಯಾಟ್ರನ್ ಸರೋವರದ ದಂಡೆ. ಹೊತ್ತು ನೆತ್ತಿಗೇರಿದರೆ
ಇಲ್ಲಿ ಸೀಮೆಸುಣ್ಣವೂ ಬೆವರುತ್ತದೆ.

ಮೂರನೇ ಫಾರ್ಮಿನ ಹಾಜರಿ ಪುಸ್ತಕ:
ನಾಮೆಲೊಕ್, ನಾಶಿಪಾಯ್, ನಾಮುನ್ಯಾಕ್,
ನಾಸಿಯೆಕು. ಹಾಗೆಂದರೆ ಹೊತ್ತಿಗೆ ಮೊದಲೇ ಬಂದವಳು.
ಎರಡು ಗಂಟೆ ನಡೆದು ದಿನಾ ತಡವಾಗಿ ಬರುವವಳು.

ಅವಳೇ ಕೇಳಿದ್ದು:
‘ಸೋಡಿಯಂ ಅಂತೀರಿ, ಬರೆಯೋದು ದೊಡ್ಡ ಎನ್ನು, ಚಿಕ್ಕ ಎ. ಯಾಕೆ ಮ್ವಾಲಿಮು?’
‘ಅದು ಹಾಗೇ, ಸುಮ್ಮನೆ ಬರಕೋ’
ಎಂದು ನನ್ನ ಮೇಷ್ಟರು ನನಗೆ ಹೇಳಿದ್ದು
ನಾಲಿಗೆ ತುದಿಗೆ ಬಂದು ನಿಂತಿತು.
ನುಂಗಿಕೊಂಡೆ. ಲ್ಯಾಟಿನ್ನಿನಲ್ಲಿ ನೇಟ್ರಿಯಂ,
ಅದಕ್ಕೂ ಹಿಂದೆ ಈಜಿಪ್ಟಿನವರು
ಹೆಣ ಕೆಡದಿರಲೆಂದು ತುಂಬುತ್ತಿದ್ದ ಉಪ್ಪು, ನ್ಯಾಟ್ರನ್,
ಎಂದವನೇ ಕಿಟಕಿಯತ್ತ ನೋಡಿದೆ.
ನಲವತ್ತೊಂದು ತಲೆಗಳೂ ನೋಡಿದವು.
ಹೊರಗೆ ಬಿದ್ದುಕೊಂಡಿತ್ತು ಅದು, ಕೆಂಪಗೆ, ಹೆಸರಿನ ಸಮೇತ.

‘ನಮ್ಮ ಸ್ವಾಹಿಲಿಯ ನಾ ಅಂತಿದ್ದೆ,’ ಹಿಂದಿನ ಬೆಂಚಿನ ಸಿರೊಂಕಾ.
ಚಾಯ್ ನಾ ಚಪಾತಿ, ಬಾಬಾ ನಾ ಮಾಮಾ,
ಎರಡರ ನಡುವೆ ಕೂತು ‘ಮತ್ತು’ ಎನ್ನುವ ನಾ.
ಎಲ್ಲರೂ ನಕ್ಕರು. ನಾನೂ.
ಆದರೆ ಹೊರಕವಚದ ಒಂದೇ ಒಂದು ಎಲೆಕ್ಟ್ರಾನನ್ನು
ಎದುರಿಗೆ ಬಂದವರ ಕೈಗಿಟ್ಟು ಜೊತೆಯಾಗುವ ಧಾತುವಿಗೆ
ಇದಕ್ಕಿಂತ ಒಳ್ಳೆಯ ಅರ್ಥ ನನ್ನ ನೋಟ್ಸಿನಲ್ಲಿರಲಿಲ್ಲ.

ಸಮೀಕರಣ ಸರಿದೂಗಿಸುವುದು ಯಾರಿಗೂ ಹತ್ತಲಿಲ್ಲ ನಾಲ್ಕು ದಿನ.
ಐದನೆಯ ದಿನ ಬಾಣದ ಗುರುತನ್ನು ಒರೆಸಿ
ಮುಳ್ಳುಬೇಲಿಯ ದಿಡ್ಡಿ ಬರೆದೆ:
ಬೆಳಿಗ್ಗೆ ಹೊರಟ ಆಡೆಷ್ಟು, ಸಂಜೆ ಬಂದದ್ದೆಷ್ಟು?
ಸಿರೊಂಕಾ ಎದ್ದು ಬಂದು
ಆಮ್ಲದ ಮುಂದೊಂದು ಎರಡು, ಉಪ್ಪಿನ ಮುಂದೊಂದು ಎರಡು
ಗೀಚಿ ಹೋಗಿ ಕೂತ.

ಶುಕ್ರವಾರ ಪ್ರಯೋಗ. ಸೋಡ ಮುಗಿದಿತ್ತು.
ನಾಸಿಯೆಕು ಅಜ್ಜಿಯ ನಶ್ಯದ ಡಬ್ಬಿಯಿಂದ
ಒಂದು ಹಿಡಿ ಮಗಾಡಿ ತಂದಳು.
ಹೊಗೆಸೊಪ್ಪಿಗೆ ಬೆರೆಸುವುದು ಅದೇ,
ಕಾಳು ಬೇಗ ಬೇಯಲೆಂದು ಚಿಟಿಕೆ ಹಾಕುವುದೂ ಅದೇ.
ಹಳದಿ. ಹನಿ. ಹಳದಿ. ಹನಿ.
ಬ್ಯುರೆಟ್ಟಿನ ಮೂತಿಯಲ್ಲಿ ತೂಗುತ್ತಿದ್ದ ಇನ್ನೊಂದು
ಬಿದ್ದದ್ದೇ ತಡ ಇಡೀ ಬುದ್ದಲಿ
ಫ್ಲೆಮಿಂಗೋ ರೆಕ್ಕೆ ಬಿಚ್ಚಿದ ಹಾಗೆ.
ಹದಿನೆಂಟು ಪಾಯಿಂಟ್ ನಾಲ್ಕು. ಹದಿನೆಂಟು ಪಾಯಿಂಟ್ ಆರು.
ಮೂರನೆಯದು ಇಪ್ಪತ್ತಮೂರು: ಸಿರೊಂಕಾ ಕಿಟಕಿ ನೋಡುತ್ತಿದ್ದ.
ಪುಸ್ತಕದ ಉತ್ತರಕ್ಕೆ ಒಂದೂ ಹೊಂದಲಿಲ್ಲ.
ಸರೋವರ ಶುದ್ಧವಲ್ಲ ಎಂದು ವರದಿಯಲ್ಲಿ ಬರೆಸಿದೆ:
ಮರಳಿದೆ, ಬೇರೆ ಲವಣಗಳಿವೆ, ಪುಕ್ಕವಿದೆ.

ಬಣ್ಣ ಹಾಕದ ಇನ್ನೊಂದು ಬಟ್ಟಲನ್ನು ಕಾಯಿಸಿ, ಆರಲು ಬಿಟ್ಟಿದ್ದೆವು.
ಅಷ್ಟರಲ್ಲಿ ಅಜ್ಜಿ ಬಂದಳು, ಡಬ್ಬಿ ಹುಡುಕಿಕೊಂಡು.
ಪ್ರಯೋಗಾಲಯದಲ್ಲಿ ಏನನ್ನೂ ರುಚಿ ನೋಡಬಾರದು,
ನೋಟ್ಸಿನ ಮೊದಲ ಪುಟದ ಮೊದಲ ಸಾಲು,
ಅದು ನನ್ನ ಬಾಯಿಂದ ಹೊರಡುವ ಮೊದಲೇ
ಅವಳ ಬೆರಳು ಅವಳ ಬಾಯಲ್ಲಿತ್ತು.
‘ಉಪ್ಪು,’ ಎಂದಳು. ‘ನನ್ನ ಮಗಾಡಿ ಕದ್ದು
ಇಷ್ಟು ಜನ ಸೇರಿ ಅಂಗಡಿಯ ಉಪ್ಪು ಮಾಡಿದಿರಾ?
ಐನೂರು ಶಿಲಿಂಗಿಗೆ ಚೀಲ ಸಿಗುತ್ತಲ್ಲ!’
ಆಮೇಲೆ ಬಟ್ಟಲನ್ನೇ ನೋಡುತ್ತ, ಮೆಲ್ಲಗೆ:
‘ಗುಳುಗುಳು ಅಂತಲ್ಲ, ಅದೆಲ್ಲಿ ಹೋಯಿತು?’
‘ಗಾಳಿಗೆ, ಕೊಕೊ.’
ಅವಳು ಬೆಟ್ಟದ ಕಡೆ ತಿರುಗಿದಳು. ಲೆಂಗಾಯ್‌ನ ತುದಿಯಲ್ಲಿ ಹೊಗೆ.
‘ಅಲ್ಲೂ ಯಾರೋ ಹುಳಿ ಹಿಂಡುತ್ತಿದ್ದಾರೆ ಹಾಗಾದರೆ.’
ಅದು ತಪ್ಪು. ತಿದ್ದಲಿಲ್ಲ.

ಪರೀಕ್ಷೆಯಲ್ಲಿ ನಾಸಿಯೆಕು ಎನ್ನನ್ನೂ ಎಯನ್ನೂ
ಒಂದೇ ಎತ್ತರಕ್ಕೆ ಬರೆದಿದ್ದಳು.
ಅರ್ಧ ಅಂಕ ಕಳೆದೆ. ನಿಯಮ ನಿಯಮವೇ.

ಇವತ್ತು ಹಾಜರಿ ಕೂಗಲು ಹೋಗಿ
‘ನಾ’ ಎಂದೆನೋ ಇಲ್ಲವೋ, ಸೀಮೆಸುಣ್ಣದ ಧೂಳಿಗೆ ಕೆಮ್ಮು ಬಂತು.
ತಲೆಯೆತ್ತಿದರೆ ಹನ್ನೆರಡು ಹುಡುಗಿಯರು ಎದ್ದು ನಿಂತಿದ್ದಾರೆ.
ಹದಿಮೂರನೆಯವಳು ಬಾಗಿಲಲ್ಲಿ, ಏದುಸಿರು,
ಮೊಣಕಾಲ ತನಕ ಬಿಳಿ ಸೋಡ.